ಲೆಕ್ಕ ಯಾರು ಯಾರಿಗೆ ಕೊಡಬೇಕು?



ಬಾನುಲಿಯವರು ನನಗೆ ಒಪ್ಪಿಸಿರುವ ವಿಷಯ ಪ್ರಜಾಪ್ರಭುತ್ವ, ಪೌರತ್ವ ಮತ್ತು ಸ್ಥಳೀಯ ಆಡಳಿತ. ಶಾಲೆಯ ಮಕ್ಕಳಿಗೂ ತಿಳಿಯುವಂತಿರಬೇಕೆಂಬುದು ಅವರ ಅಪೇಕ್ಷೆ. ಮೂವತ್ತೈದು ವರ್ಷ ಕನ್ನಡ ಸಾಹಿತ್ಯದ ಪಾಠ ಹೇಳಿ ನಿವೃತ್ತನಾದ ನನಗೆ ಇದು ಪರರ ಹೊಲ. ಪರರ ಹೊಲದಲ್ಲಿ ಹಾದುಹೋಗುವವನು ಬದುವಿನ ಮೇಲೆ ನಡೆಯಬೇಕು, ಬೆಳೆಯನ್ನು ತುಳಿಯಬಾರದು. ಆದುದರಿಂದ ನಾನು ಬಲ್ಲ ಬದು ಯಾವುದೋ ಅದರ ಮೇಲೆಯೇ ನಡೆಯುತ್ತೇನೆ. ಪದಗಳು, ಶಾಸನಗಳು, ಒಂದಿಷ್ಟು ಸ್ವಂತ ನೆನಪು, ಇವೇ ನನ್ನ ಬಂಡವಾಳ.

ಈ ವಿಷಯವನ್ನು ನಾನು ಒಪ್ಪಿಕೊಂಡುದಕ್ಕೆ ಒಂದು ಕಾರಣವುಂಟು. ಅದು ನನಗೆ ಅಷ್ಟೇನೂ ಹೆಮ್ಮೆಯ ಸಂಗತಿಯಲ್ಲ. ನನ್ನ ಮೊಮ್ಮಗಳು ಏಳನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಒಂದು ಸಂಜೆ ಸಮಾಜ ವಿಜ್ಞಾನದ ಪಾಠವನ್ನು ನನಗೆ ಒಪ್ಪಿಸುತ್ತಿದ್ದಳು. ‘ಸ್ಥಳೀಯ ಸರ್ಕಾರ ಎಂದರೇನು?’ ಇದು ಎರಡು ಅಂಕದ ಪ್ರಶ್ನೆ. ಊರಿನ ಜನರು ತಾವೇ ಚುನಾಯಿಸಿದ ಪ್ರತಿನಿಧಿಗಳ ಮೂಲಕ ತಮ್ಮ ಊರಿನ ಕೆಲಸಕಾರ್ಯಗಳನ್ನು ನಡೆಸಿಕೊಳ್ಳುವ ವ್ಯವಸ್ಥೆ ಎಂದು ಅವಳು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಎರಡಕ್ಕೆ ಎರಡು ಅಂಕವನ್ನೂ ಕೊಟ್ಟೆ. ಪುಸ್ತಕವನ್ನು ಮುಚ್ಚುತ್ತ ಅವಳು ಕೇಳಿದಳು: “ತಾತ, ನಮ್ಮ ವಾರ್ಡಿನ ಸದಸ್ಯರ ಹೆಸರೇನು?”

ನನಗೆ ಗೊತ್ತಿರಲಿಲ್ಲ. ಕ್ರಿಸ್ತಶಕ ಎಂಟನೆಯ ಶತಮಾನದಲ್ಲಿ ಪುಲಿಗೆರೆಯ ಆಡಳಿತ ಹೇಗೆ ನಡೆಯುತ್ತಿತ್ತೆಂದು ಕೇಳಿದ್ದರೆ ಒಂದು ಗಂಟೆ ಮಾತನಾಡಬಲ್ಲೆ. ನನ್ನ ಮನೆಯ ಮುಂದಿನ ಚರಂಡಿಯ ಅಧಿಪತಿ ಯಾರೆಂಬುದು ಮಾತ್ರ ತಿಳಿಯದು. ನಾಳೆ ಹೇಳುತ್ತೇನೆ ಮಗು ಎಂದು ತಪ್ಪಿಸಿಕೊಂಡೆ. ಮರುದಿನ ವಾಯುವಿಹಾರದ ಗೆಳೆಯರನ್ನು ವಿಚಾರಿಸಿದೆ. ಒಬ್ಬರು ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದವರು, ಇನ್ನೊಬ್ಬರು ನಿವೃತ್ತ ಎಂಜಿನಿಯರು. ದೇಶವಿದೇಶಗಳ ರಾಜಕೀಯವನ್ನು ದಿನವೂ ಬೆಳಗ್ಗೆ ಅರೆದು ಕುಡಿಯುವ ಅವರಿಗೂ ಗೊತ್ತಿರಲಿಲ್ಲ. ಕೊನೆಗೆ ಹಿಂತಿರುಗುವಾಗ ಮಾರುಕಟ್ಟೆಯ ಬದಿಯಲ್ಲಿ ಹೂವು ಮಾರುವ ಹೆಂಗಸನ್ನು ಕೇಳಿದೆ. ಆಕೆ ಹೆಸರನ್ನೂ ಹೇಳಿದಳು, ಮನೆ ಎಲ್ಲಿ, ಎಷ್ಟು ಹೊತ್ತಿಗೆ ಹೋದರೆ ಸಿಗುತ್ತಾರೆ ಎಂಬುದನ್ನೂ ಹೇಳಿದಳು. ಅನಂತರ, “ಯಾಕೆ ಮೇಷ್ಟ್ರೇ, ನಲ್ಲೀಲಿ ನೀರು ಬರ್ಲಿಲ್ವಾ?” ಎಂದಳು.

“ಇಲ್ಲಮ್ಮ, ಸುಮ್ಮನೆ ಕೇಳಿದೆ.”

“ಸುಮ್ಮನೆ ಯಾರಾದ್ರೂ ಮೆಂಬರನ್ನ ಕೇಳ್ತಾರಾ?” ಎಂದು ನಕ್ಕಳು. ಮಾಲೆಯನ್ನು ಅಳೆಯುತ್ತಲೇ ತನ್ನ ಕಥೆಯನ್ನೂ ಹೇಳಿದಳು. ಅಲ್ಲಿ ಕೂರುವವರೆಲ್ಲ ದಿನವೂ ಸುಂಕ ಕೊಡಬೇಕು, ಕೊಟ್ಟದ್ದಕ್ಕೆ ಚೀಟಿ ಉಂಟು. ಸಂಜೆಯ ಮೇಲೆ ಆ ಜಾಗ ಕತ್ತಲೆ. ಆಕೆ ಒಂದು ವರ್ಷದ ಚೀಟಿಗಳನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಕೊಂಡು ಸದಸ್ಯರ ಮನೆಗೆ ಹೋದಳಂತೆ. “ಇಷ್ಟು ದುಡ್ಡು ಕೊಟ್ಟಿದೀವಿ, ಒಂದು ದೀಪ ಬೇಡವಾ ಅಂತ ಕೇಳ್ದೆ. ಮೂರು ಸಲ ತಿರುಗಿಸಿದ್ರು. ನಾಲ್ಕನೇ ಸಲಕ್ಕೆ ದೀಪ ಬಂತು.” ನಾನು ತಲೆಯೆತ್ತಿ ನೋಡಿದೆ. ಕಂಬದ ಮೇಲೆ ದೀಪವಿತ್ತು. ಎಷ್ಟೋ ಸಂಜೆ ಅದರ ಬೆಳಕಿನಲ್ಲಿಯೇ ನಾನು ಹೂವು ಕೊಂಡಿದ್ದೆ.

ಪ್ರಜಾಪ್ರಭುತ್ವ ಎಂದರೇನೆಂಬ ಪ್ರಶ್ನೆಗೆ ಪಠ್ಯಪುಸ್ತಕದ ಉತ್ತರ ತಪ್ಪಲ್ಲ. ಆದರೆ ಆ ಹೆಂಗಸು ಮಾಡಿದ ಕೆಲಸದಲ್ಲಿ ಅದರ ತಿರುಳು ಇನ್ನೂ ನೇರವಾಗಿ ಕಾಣುತ್ತದೆ ಎಂದು ನನಗೆ ತೋರುತ್ತದೆ. ಆಕೆ ಲೆಕ್ಕ ಕೇಳಿದಳು. ಲೆಕ್ಕ ಯಾರು ಯಾರಿಗೆ ಕೊಡಬೇಕು? ರಾಜ್ಯವಾಳುವ ರೀತಿಗಳ ಚರಿತ್ರೆಯನ್ನೆಲ್ಲ ಈ ಒಂದು ಪ್ರಶ್ನೆಯ ಸುತ್ತ ಹೇಳಬಹುದು. ನಮ್ಮ ನಾಡಿನಲ್ಲಿ ಈ ಪ್ರಶ್ನೆ ನಡೆದುಬಂದ ದಾರಿಯನ್ನು ಸ್ವಲ್ಪ ನೋಡೋಣ.

ಮೊದಲು ಪದವನ್ನು ನೋಡೋಣ. ‘ಪ್ರಜಾ’ ಎಂಬ ಸಂಸ್ಕೃತ ಶಬ್ದಕ್ಕೆ ಸಂತಾನ ಎಂದು ಮೂಲಾರ್ಥ. ಅರಸ ತಂದೆ, ಆಳಿಸಿಕೊಳ್ಳುವವರು ಮಕ್ಕಳು. ತಂದೆ ಮಕ್ಕಳಿಗೆ ಅನ್ನ ಕೊಡಬಹುದು, ಬುದ್ಧಿ ಹೇಳಬಹುದು, ಪೆಟ್ಟನ್ನೂ ಕೊಡಬಹುದು. ಲೆಕ್ಕ ಕೊಡುವ ಪದ್ಧತಿ ಮಾತ್ರ ಇಲ್ಲ. ಹೀಗಿರುವಲ್ಲಿ ‘ಪ್ರಜಾಪ್ರಭುತ್ವ’ ಎಂಬ ಸಮಾಸವನ್ನು ಮಾಡಿದವರು ಸಾಮಾನ್ಯ ಕೆಲಸ ಮಾಡಲಿಲ್ಲ. ಮಗುವನ್ನೂ ಒಡೆಯನನ್ನೂ ತಂದು ಒಂದೇ ಪದದಲ್ಲಿ ಕೂರಿಸಿದರು. ಇನ್ನು ‘ನಾಗರಿಕ’, ‘ಪೌರ’ ಎಂಬ ಪದಗಳಿವೆ. ನಗರದಲ್ಲಿರುವವನು ನಾಗರಿಕ, ಪುರದಲ್ಲಿರುವವನು ಪೌರ. ಹಾಗಾದರೆ ಗ್ರಾಮದಲ್ಲಿರುವವನು? ನಮ್ಮ ಅಲಂಕಾರಶಾಸ್ತ್ರದಲ್ಲಿ ‘ಗ್ರಾಮ್ಯ’ ಎಂಬುದು ಒಂದು ಕಾವ್ಯದೋಷದ ಹೆಸರು! ಪಟ್ಟಣಿಗನಿಗೆ ಸಭ್ಯತೆಯ ಪದವನ್ನು ಕೊಟ್ಟ ಭಾಷೆ ಹಳ್ಳಿಗನಿಗೆ ತಪ್ಪಿನ ಪದವನ್ನು ಕೊಟ್ಟಿತು. ಈ ಅನ್ಯಾಯವನ್ನು ನಿಘಂಟು ಸರಿಪಡಿಸಲಾರದು. ಅದನ್ನು ಸರಿಪಡಿಸಿದವರು ಯಾರೆಂಬುದಕ್ಕೆ ಮುಂದೆ ಬರುತ್ತೇನೆ.

ಈಗ ಪುಲಿಗೆರೆಯ ಮಾತು. ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರವೇ ಅಂದಿನ ಪೊರಿಗೆರೆ ಅಥವಾ ಪುಲಿಗೆರೆ. ಅಲ್ಲಿ ಬಾದಾಮಿ ಚಾಲುಕ್ಯರ ಕಾಲದ ಒಂದು ಕನ್ನಡ ಶಾಸನ ದೊರೆತಿದೆ. ಯುವರಾಜ ವಿಕ್ರಮಾದಿತ್ಯನದು, ಕಾಲ ಸುಮಾರು ಕ್ರಿ.ಶ. ೭೨೫. ಊರಿನ ಮಹಾಜನರಿಗೂ ನಗರಕ್ಕೂ ಹದಿನೆಂಟು ಪ್ರಕೃತಿಗಳಿಗೂ, ಎಂದರೆ ಹದಿನೆಂಟು ಬಗೆಯ ಜನವರ್ಗಗಳಿಗೂ, ಯುವರಾಜ ಒಂದು ‘ಆಚಾರವ್ಯವಸ್ಥೆ’ಯನ್ನು ಮಾಡಿಕೊಟ್ಟ ಸಂಗತಿ ಅದರಲ್ಲಿದೆ. ಮನೆಮನೆಯವರು ತಮ್ಮ ತಮ್ಮ ಅಂತಸ್ತಿಗೆ ತಕ್ಕಂತೆ ತೆರಬೇಕಾದ ತೆರಿಗೆಯನ್ನು ಅಲ್ಲಿ ನಿಗದಿಪಡಿಸಿದೆ. ಅಷ್ಟೇ ಆಗಿದ್ದರೆ ಅದು ಬರಿಯ ತೆರಿಗೆಯ ಪಟ್ಟಿ. ರಾಜಪುರುಷರು ಏನನ್ನು ಕಾಪಾಡಬೇಕೆಂಬುದನ್ನೂ ಅದು ಹೇಳುತ್ತದೆ. ಹಿಂದೆ ಕೊಟ್ಟ ದತ್ತಿಗಳು, ತಾಮ್ರಶಾಸನಗಳು, ಜನರು ಅನುಭವಿಸಿಕೊಂಡು ಬಂದ ಸ್ವತ್ತುಗಳು, ಇವನ್ನೆಲ್ಲ ಅಧಿಕಾರಿಗಳು ಮನ್ನಿಸಿ ನಡೆಯತಕ್ಕದ್ದು. ಕೊಡುವವನಿಗೂ ಕಟ್ಟಳೆ, ಕೊಂಡುಹೋಗುವವನಿಗೂ ಕಟ್ಟಳೆ. ಬಾಯಿಮಾತಿನಲ್ಲಿ ಹೇಳಿದುದನ್ನು ನಾಳೆ ಇಲ್ಲವೆನ್ನಬಹುದು. ಕಲ್ಲಿನಲ್ಲಿ ಬರೆಸಿ ಊರಿನ ನಡುವೆ ನಿಲ್ಲಿಸಿದ ಮೇಲೆ ಅರಸನೂ ತನ್ನ ಮಾತಿಗೆ ಸಿಕ್ಕಿಕೊಳ್ಳುತ್ತಾನೆ.

ಈ ಕಟ್ಟಳೆ ಎಷ್ಟು ನುಣುಪಾಗಬಲ್ಲುದೆಂಬುದಕ್ಕೆ ನೆರೆಯ ತಮಿಳುನಾಡಿನ ಉತ್ತರಮೇರೂರಿನ ಶಾಸನಗಳು ಸಾಕ್ಷಿ. ಚೋಳ ದೊರೆ ಒಂದನೆಯ ಪರಾಂತಕನ ಕಾಲದಲ್ಲಿ, ಕ್ರಿ.ಶ. ೯೧೯ ಮತ್ತು ೯೨೧ರಲ್ಲಿ ಕೊರೆಸಿದವು. ಹೆಸರು ಬರೆದ ಓಲೆಗಳನ್ನು ಮಡಕೆಯೊಳಗೆ ಹಾಕಿ, ಚೀಟಿ ಎತ್ತಿ ಊರಿನ ವಾರಿಯಗಳಿಗೆ, ಎಂದರೆ ಸಮಿತಿಗಳಿಗೆ, ಸದಸ್ಯರನ್ನು ಆರಿಸುವ ವಿಧಾನ ಅಲ್ಲಿದೆ. ಯಾರ ಹೆಸರನ್ನು ಮಡಕೆಗೆ ಹಾಕಬಾರದೆಂಬ ಪಟ್ಟಿಯೂ ಉಂಟು. ಅದರಲ್ಲಿ ಎದ್ದು ಕಾಣುವವನು ಹಿಂದೆ ಸಮಿತಿಯಲ್ಲಿದ್ದು ಲೆಕ್ಕ ಒಪ್ಪಿಸದವನು. ಅವನಿಗಷ್ಟೇ ಅಲ್ಲ, ಅವನ ಹತ್ತಿರದ ಬಂಧುಗಳಿಗೂ ಅವಕಾಶವಿಲ್ಲ. ಸಾವಿರದ ನೂರು ವರ್ಷಗಳ ಹಿಂದಿನ ಈ ನಿಯಮವನ್ನು ಇಂದು ಜಾರಿಗೆ ತಂದರೆ ನಮ್ಮ ಎಷ್ಟು ಸಭೆಗಳಲ್ಲಿ ಕೋರಂ ತುಂಬೀತೆಂದು ನಾನು ಹೇಳಹೋಗುವುದಿಲ್ಲ.

ಹಳೆಯದೆಲ್ಲ ಹೊನ್ನು ಎಂದು ಹೇಳಲು ಇದನ್ನು ಹೇಳುತ್ತಿಲ್ಲ. ವೇದಿಕೆಗಳ ಮೇಲೆ ನಮ್ಮವರು ಶಾಸನಗಳನ್ನು ಎತ್ತಿಹಿಡಿದು ಪ್ರಜಾಪ್ರಭುತ್ವವೆಲ್ಲ ನಮ್ಮಲ್ಲಿಯೇ ಇತ್ತು ಎಂದು ಎದೆ ತಟ್ಟಿಕೊಳ್ಳುವುದನ್ನು ಕೇಳಿದ್ದೇನೆ. ಚಿಕ್ಕಂದಿನಲ್ಲಿ ನಾನೂ ತಟ್ಟಿಕೊಂಡಿದ್ದೇನೆ. ಉತ್ತರಮೇರೂರಿನ ಮಡಕೆಗೆ ಹೆಸರು ಬೀಳಬೇಕಾದರೆ ಭೂಮಿಯಿರಬೇಕು, ಸ್ವಂತ ಮನೆಯಿರಬೇಕು, ವೇದಾಧ್ಯಯನವಾಗಿರಬೇಕು. ನಮ್ಮ ಅಗ್ರಹಾರಗಳ ಮಹಾಜನರು ಬ್ರಾಹ್ಮಣರು. ಊರ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳುವವರು ಬೇರೆ, ಕೆಳಗೆ ಕೈಕಟ್ಟಿ ನಿಲ್ಲುವವರು ಬೇರೆ, ಕಟ್ಟೆಯ ಹತ್ತಿರಕ್ಕೇ ಬರಲಾಗದವರು ಇನ್ನೂ ಬೇರೆ. ಹೆಂಗಸರ ಮಾತಂತೂ ಅಲ್ಲಿ ಏಳುವಂತಿರಲಿಲ್ಲ. ಲೆಕ್ಕ ಕೇಳುವ ಪದ್ಧತಿಯಿತ್ತು. ಕೇಳುವ ಬಾಯಿಗಳು ಕೆಲವೇ.

ಶಾಸನಗಳ ಕಾಲದಿಂದ ಈಗ ಹತ್ತೊಂಬತ್ತನೆಯ ಶತಮಾನದ ಮೈಸೂರು ಸಂಸ್ಥಾನಕ್ಕೆ ಬರೋಣ. ಅರಸ ಮುಮ್ಮಡಿ ಕೃಷ್ಣರಾಜ ಒಡೆಯರು. ಕಂದಾಯ ವಸೂಲಿಗೆ ‘ಷರತ್ತು’ ಎಂಬ ಪದ್ಧತಿ ಬಂದಿತ್ತು. ಇಷ್ಟು ಹಣವನ್ನು ಸರ್ಕಾರಕ್ಕೆ ಒಪ್ಪಿಸುತ್ತೇನೆಂದು ಅಮಲ್ದಾರ ಮೊದಲೇ ಕರಾರು ಬರೆದುಕೊಡುವುದು, ಆಮೇಲೆ ಹೇಗಾದರೂ ಮಾಡಿ ಅದನ್ನು ರೈತನಿಂದ ಹಿಂಡುವುದು. ಅಮಲ್ದಾರನ ಲೆಕ್ಕ ಮೇಲಿನವರಿಗೆ, ರೈತನ ಲೆಕ್ಕ ಅಮಲ್ದಾರನಿಗೆ. ರೈತನಿಗೆ ಲೆಕ್ಕ ಕೊಡುವವರು ಯಾರೂ ಇಲ್ಲ. ೧೮೩೦ರಲ್ಲಿ ಮಲೆನಾಡಿನ ನಗರ ಸೀಮೆಯ ರೈತರು ಊರೂರಿನಲ್ಲಿ ಗುಂಪುಗೂಡಿ ನಿಂತರು. ಆ ಸಭೆಗಳಿಗೆ ಅವರು ಇಟ್ಟ ಹೆಸರು ‘ಕೂಟ’. ಎಷ್ಟು ಚಿಕ್ಕ ಪದ, ಎಷ್ಟು ಚೊಕ್ಕ ಪದ! ಕೂಡುವುದೇ ಅಪರಾಧವಾಗಿದ್ದ ಕಾಲದಲ್ಲಿ ಅವರು ಕೂಡಿದರು. ದಂಗೆ ಹಬ್ಬಿತು. ಅದನ್ನು ಸೈನ್ಯಬಲದಿಂದ ಅಡಗಿಸಿದರು. ಇದನ್ನೇ ನೆಪ ಮಾಡಿಕೊಂಡು ೧೮೩೧ರಲ್ಲಿ ಇಂಗ್ಲಿಷರು ಸಂಸ್ಥಾನದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಕೂಟದ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಉತ್ತರಿಸಬೇಕಾದವರು ಬದಲಾದರು, ಅಷ್ಟೆ.

ಐವತ್ತು ವರ್ಷಗಳು ಕಳೆದವು. ನಡುವೆ ೧೮೭೬ರಿಂದ ೧೮೭೮ರವರೆಗಿನ ಘೋರ ಕ್ಷಾಮ ಸಂಸ್ಥಾನದಲ್ಲಿ ಲಕ್ಷಾಂತರ ಜನರನ್ನು ನುಂಗಿತು. ೧೮೮೧ರ ಮಾರ್ಚಿಯಲ್ಲಿ ರಾಜ್ಯ ಮತ್ತೆ ಒಡೆಯರ ಮನೆತನಕ್ಕೆ ಬಂದಿತು. ದಿವಾನರು ಸಿ. ರಂಗಾಚಾರ್ಲು. ಬೊಕ್ಕಸ ಬರಿದು, ಜನ ಸೊರಗಿದ್ದರು. ಆ ಹೊತ್ತಿನಲ್ಲಿ ರಂಗಾಚಾರ್ಲು ಮಾಡಿದ ಮೊದಲ ದೊಡ್ಡ ಕೆಲಸಗಳಲ್ಲಿ ಒಂದು ಜನರನ್ನು ಕರೆದು ಕೂರಿಸಿದ್ದು. ೧೮೮೧ರ ಅಕ್ಟೋಬರ್ ೭ರಂದು, ದಸರೆಯ ಸಂದರ್ಭದಲ್ಲಿ, ಮೈಸೂರು ಪ್ರಜಾಪ್ರತಿನಿಧಿ ಸಭೆ ಮೊದಲ ಸಲ ಸೇರಿತು. ಬಂದ ಸದಸ್ಯರು ೧೪೪ ಮಂದಿ, ಹೆಚ್ಚಿನವರು ತಾಲ್ಲೂಕುಗಳಿಂದ ಬಂದ ಜಮೀನುದಾರರು ಮತ್ತು ವರ್ತಕರು. ಹಿಂದಿನ ವರ್ಷದ ಆಡಳಿತ ಹೇಗೆ ನಡೆಯಿತು, ಮುಂದಿನ ವರ್ಷಕ್ಕೆ ಏನು ಯೋಚನೆಯಿದೆ ಎಂಬುದನ್ನು ದಿವಾನರು ಅವರ ಮುಂದೆ ಓದಿ ಹೇಳಿದರು. ಸದಸ್ಯರು ತಮ್ಮ ಸೀಮೆಯ ಕಷ್ಟಗಳನ್ನು ಅರಿಕೆಮಾಡಿದರು.

ಇಷ್ಟೇ. ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಒಂದು ಕಾಸನ್ನು ಮಂಜೂರು ಮಾಡುವ ಅಧಿಕಾರವೂ ಇರಲಿಲ್ಲ. ಮೊದಮೊದಲು ಸದಸ್ಯರನ್ನು ಚುನಾಯಿಸುತ್ತಲೂ ಇರಲಿಲ್ಲ. ಚುನಾವಣೆ ಬಂದದ್ದು ಹತ್ತು ವರ್ಷಗಳ ಅನಂತರ, ಅದೂ ಉಳ್ಳವರಿಗೆ, ಕಲಿತವರಿಗೆ ಮಾತ್ರ. ಆದ್ದರಿಂದ ಇದೊಂದು ದಸರೆಯ ಬೊಂಬೆ ಎಂದು ಹಗುರವಾಗಿ ಆಡುವವರು ಅಂದೂ ಇದ್ದರು. ಆದರೆ ನನಗೆ ಮುಖ್ಯವಾಗಿ ಕಾಣುವುದು ಬೇರೆ. ಅಂದು ಲೆಕ್ಕದ ದಿಕ್ಕು ಮೊದಲ ಬಾರಿಗೆ ಚೂರು ಹೊರಳಿತು. ರಾಜ್ಯದ ಅತಿ ದೊಡ್ಡ ಅಧಿಕಾರಿ ಎದ್ದು ನಿಂತು, ಕೂತಿರುವ ಜನರಿಗೆ, ನಿಮ್ಮ ಹಣವನ್ನು ಹೀಗೆ ಖರ್ಚು ಮಾಡಿದೆ ಎಂದು ಹೇಳಿದ. ರಂಗಾಚಾರ್ಲು ೧೮೮೩ರ ಆರಂಭದಲ್ಲಿಯೇ ತೀರಿಕೊಂಡರು. ಅವರು ನೆಟ್ಟದ್ದು ಒಣಗಲಿಲ್ಲ. ೧೯೦೭ರಲ್ಲಿ ನ್ಯಾಯವಿಧಾಯಕ ಸಭೆ ಬಂದಿತು, ೧೯೨೩ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಆಧಾರವೇ ದೊರಕಿತು. ಮಂಕುತಿಮ್ಮನ ಕಗ್ಗದ ಕವಿ ಡಿ. ವಿ. ಗುಂಡಪ್ಪನವರು ನ್ಯಾಯವಿಧಾಯಕ ಸಭೆಯ ಸದಸ್ಯರಾಗಿದ್ದರೆಂಬುದನ್ನೂ, ‘ರಾಜ್ಯಶಾಸ್ತ್ರ’, ‘ರಾಜ್ಯಾಂಗತತ್ತ್ವಗಳು’ ಎಂಬ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದರೆಂಬುದನ್ನೂ ಸಾಹಿತ್ಯಪ್ರಿಯರು ನೆನೆಯಬೇಕು. ಕಗ್ಗವನ್ನು ಬಾಯಿಪಾಠ ಮಾಡುವ ನಾವು ಈ ಎರಡು ಪುಸ್ತಕಗಳನ್ನು ಕಪಾಟಿನಲ್ಲಿಯೇ ಬಿಟ್ಟೆವು. ಕವಿಗೆ ಪೌರಧರ್ಮವೂ ಬೇಕಾಗಿತ್ತು. ಕಾವ್ಯಪ್ರಿಯರಾದ ನಮಗೆ ಬೇಡವಾಯಿತು.

ಸ್ವಾತಂತ್ರ್ಯ ಬಂದಿತು, ಸಂವಿಧಾನ ಬಂದಿತು. ಭೂಮಿ, ಮನೆ, ಓದು, ಕುಲ, ಲಿಂಗ ಯಾವುದನ್ನೂ ನೋಡದೆ ವಯಸ್ಸಿಗೆ ಬಂದವರಿಗೆಲ್ಲ ಮತ ಎಂದು ಅದು ಸಾರಿತು. ೧೯೫೧-೫೨ರ ಮೊದಲ ಮಹಾಚುನಾವಣೆಯಲ್ಲಿ ಮತದಾರರ ಸಂಖ್ಯೆ ೧೭ ಕೋಟಿಗೂ ಮಿಗಿಲು. ಹೆಚ್ಚಿನವರು ಓದುಬರಹ ಅರಿಯದವರು. ಆ ಚುನಾವಣೆಯ ಒಂದು ಸಂಗತಿ ನನ್ನನ್ನು ಯಾವಾಗಲೂ ಕಾಡುತ್ತದೆ. ಪಟ್ಟಿಯನ್ನು ಸಿದ್ಧಪಡಿಸುವಾಗ, ಮುಖ್ಯವಾಗಿ ಉತ್ತರ ಭಾರತದ ರಾಜ್ಯಗಳಲ್ಲಿ, ಅನೇಕ ಹೆಂಗಸರು ತಮ್ಮ ಹೆಸರನ್ನು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಬರೆಸಿದರು. ಹೆಸರಿಲ್ಲದವರನ್ನು ಪಟ್ಟಿಯಲ್ಲಿ ಇಡಲಾಗದೆಂದು ಚುನಾವಣಾ ಆಯೋಗ ಹೇಳಿತು. ಹೀಗೆ ಸುಮಾರು ೨೮ ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು. ಸಂವಿಧಾನ ಕೊಟ್ಟ ಹಕ್ಕನ್ನು ತೆಗೆದುಕೊಳ್ಳಲು ಮೊದಲು ಒಂದು ಹೆಸರು ಬೇಕಾಗಿತ್ತು. ಆಯೋಗದ ನಿಲುವು ಕಠಿಣವೆಂದು ಮೊದಲು ನನಗೂ ಅನ್ನಿಸಿತ್ತು. ಅದರ ಅರ್ಥ ನನಗೆ ಹೊಳೆದುದು ೧೯೮೭ರಲ್ಲಿ.

ಆ ವರ್ಷದ ಜನವರಿಯಲ್ಲಿ ಕರ್ನಾಟಕದಲ್ಲಿ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳ ಚುನಾವಣೆ ನಡೆಯಿತು. ಅದರ ಹಿಂದೆ ಇದ್ದುದು ೧೯೮೩ರ ಕಾಯಿದೆ. ಆ ಕಾಯಿದೆಯ ಹಿಂದಿನ ಚೇತನ ಅಂದಿನ ಗ್ರಾಮೀಣಾಭಿವೃದ್ಧಿ ಸಚಿವರಾದ ಅಬ್ದುಲ್ ನಜೀರ್ ಸಾಬರು. ಹಳ್ಳಿಹಳ್ಳಿಗೆ ಕೊಳವೆಬಾವಿ ತೋಡಿಸಿ ‘ನೀರು ಸಾಬ್’ ಎಂಬ ಹೆಸರನ್ನು ಜನರ ಬಾಯಿಂದಲೇ ಪಡೆದವರು. ನೀರನ್ನು ನೆಲದೊಳಗಿಂದ ಮೇಲಕ್ಕೆ ತಂದಂತೆ ಅಧಿಕಾರವನ್ನು ಮೇಲಿನಿಂದ ಕೆಳಕ್ಕೆ ಇಳಿಸಬೇಕೆಂಬುದು ಅವರ ಹಟ. ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯಮಂತ್ರಿಯ ಸ್ಥಾನಮಾನ, ಹೆಂಗಸರಿಗೆ ನೂರಕ್ಕೆ ೨೫ ಸ್ಥಾನಗಳ ಮೀಸಲು. ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಪ್ರತಿನಿಧಿಗಳನ್ನು ಒಂದೇ ಸಲ ಆರಿಸಿದ ಚುನಾವಣೆ ಅದು.

ಆಗ ನನಗೆ ಇಪ್ಪತ್ತಾರು ವರ್ಷ. ಹೊಸದಾಗಿ ಅಧ್ಯಾಪಕನಾಗಿದ್ದೆ. ಬಯಲುಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ ಮತಗಟ್ಟೆಯ ಅಧಿಕಾರಿಯಾಗಿ ನನ್ನನ್ನು ನೇಮಿಸಿದ್ದರು. ‘ಮತಗಟ್ಟೆ’ ಎಂಬ ಪದವನ್ನು ಗಮನಿಸಿ. ಮತ ಮತ್ತು ಕಟ್ಟೆ ಸೇರಿ ಆದ ಪದ, ಗಸಡದಬಾದೇಶ. ಶಾಲೆಯ ಎದುರಿಗೇ ಊರಿನ ಅರಳಿಕಟ್ಟೆಯಿತ್ತು. ಆ ಕಟ್ಟೆಯ ಮೇಲೆ ಯಾರು ಯಾರು ಕೂರುತ್ತಾರೆಂಬುದು ಅಲ್ಲಿ ಅರ್ಧ ದಿನ ಕಳೆದವನಿಗೆ ತಿಳಿಯುತ್ತಿತ್ತು. ಶಾಲೆಯೊಳಗಿನ ಕಟ್ಟೆಗೆ ಮಾತ್ರ ಎಲ್ಲರೂ ಬಂದರು. ಒಂದೇ ಸಾಲು. ಗೌಡರ ಹಿಂದೆ ಅವರ ಹೊಲದ ಆಳು, ಆಳಿನ ಹಿಂದೆ ಗೌಡರ ಸೊಸೆ. ಅದೇ ನಾನು ಮುಂದೆ ಹೇಳುತ್ತೇನೆಂದ ತಿದ್ದುಪಡಿ. ‘ಗ್ರಾಮ್ಯ’ ಎಂಬ ದೋಷವನ್ನು ಯಾವ ಲಾಕ್ಷಣಿಕನೂ ತಿದ್ದಲಿಲ್ಲ, ಆ ಸಾಲು ತಿದ್ದಿತು.

ಮಧ್ಯಾಹ್ನದ ಹೊತ್ತಿಗೆ ಎಪ್ಪತ್ತರ ಸಮೀಪದ ಒಬ್ಬ ಅಜ್ಜಿ ಬಂದಳು. ಹೆಸರೇನು ಎಂದು ಕೇಳಿದೆ. ಇಂಥವನ ಅವ್ವ ಎಂದು ಮಗನ ಹೆಸರನ್ನು ಹೇಳಿದಳು. ನಿನ್ನ ಹೆಸರು ಹೇಳಜ್ಜಿ ಎಂದೆ. ತಲೆಯ ಮೇಲಿನ ಸೆರಗನ್ನು ಎಳೆದುಕೊಂಡು ಸುಮ್ಮನೆ ನಿಂತಳು. ಪಕ್ಷದ ಏಜೆಂಟನೊಬ್ಬ, “ನಮ್ಮೂರವರೇ ಬಿಡಿ ಸಾರ್, ನಾನು ಹೇಳ್ತೀನಿ” ಎಂದ. ನಾನು ಬೇಡವೆಂದೆ. ಅದು ನಿಯಮನಿಷ್ಠೆಯೋ ಎಳೆಯ ವಯಸ್ಸಿನ ಬಿಗುಮಾನವೋ ಈಗ ಹೇಳಲಾರೆ. ಹಿಂದಿನ ಸಾಲು ಗೊಣಗತೊಡಗಿತು. ಅಜ್ಜಿ ಬಾಗಿಲ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಆಮೇಲೆ ತುಂಬ ಮೆಲ್ಲಗೆ ತನ್ನ ಹೆಸರನ್ನು ಹೇಳಿದಳು. ಪಟ್ಟಿಯಲ್ಲಿ ಆ ಹೆಸರಿತ್ತು. ಗಟ್ಟಿಯಾಗಿ ಓದಿದೆ. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು, “ಅಜ್ಜೀ, ಅದು ನಿನ್ನ ಹೆಸರಾ!” ಎಂದಳು. ಸಾಲೆಲ್ಲ ನಕ್ಕಿತು, ಅಜ್ಜಿಯೂ ನಕ್ಕಳು. ಬೆರಳಿಗೆ ಶಾಯಿ ಹಾಕಿಸಿಕೊಂಡು, ಚೀಟಿ ಮಡಿಸಿ ಪೆಟ್ಟಿಗೆಗೆ ಹಾಕಿ ಹೋದಳು. ಆ ಹೆಸರನ್ನು ನಾನು ಇಲ್ಲಿ ಹೇಳುವುದಿಲ್ಲ. ಅದನ್ನು ಹೇಳುವ ಹಕ್ಕು ಆಕೆಯದು, ಆಕೆ ಅದನ್ನು ಚಲಾಯಿಸಿದಳು. ಲೆಕ್ಕ ಕೇಳಬೇಕಾದವರು ಮೊದಲು ಲೆಕ್ಕಕ್ಕೆ ಬರಬೇಕು ಎಂಬುದನ್ನು ಅಂದು ನಾನು ಕಲಿತೆ.

ನಜೀರ್ ಸಾಬರು ೧೯೮೮ರಲ್ಲಿ ತೀರಿಕೊಂಡರು. ೧೯೯೨ರ ಆರಂಭದಲ್ಲಿ ಆ ಸಂಸ್ಥೆಗಳ ಅವಧಿ ಮುಗಿದಾಗ ಚುನಾವಣೆ ನಡೆಯಲಿಲ್ಲ. ಆಡಳಿತಾಧಿಕಾರಿಗಳು ಬಂದು ಕೂತರು. ಅಷ್ಟರಲ್ಲಿ ದೇಶದಲ್ಲಿ ಸಂವಿಧಾನದ ೭೩ನೆಯ ತಿದ್ದುಪಡಿಯಾಯಿತು. ೧೯೯೩ರ ಏಪ್ರಿಲ್ ೨೪ರಂದು ಅದು ಜಾರಿಗೆ ಬಂದಿತು. ಪಟ್ಟಣಗಳಿಗಾಗಿ ೭೪ನೆಯ ತಿದ್ದುಪಡಿ ಅದರ ಬೆನ್ನಿಗೇ ಬಂದಿತು. ಪಂಚಾಯಿತಿ, ಪುರಸಭೆಗಳ ಅವಧಿ ಐದು ವರ್ಷ, ಅವಧಿ ಮುಗಿಯುವ ಮುನ್ನವೇ ಚುನಾವಣೆ ಮುಗಿಯಬೇಕು, ಅದನ್ನು ನಡೆಸಲು ಪ್ರತ್ಯೇಕ ರಾಜ್ಯ ಚುನಾವಣಾ ಆಯೋಗವಿರಬೇಕು, ಹೆಂಗಸರಿಗೆ ಮೂರನೆಯ ಒಂದು ಪಾಲಿಗೆ ಕಡಿಮೆಯಿಲ್ಲದ ಸ್ಥಾನಗಳಿರಬೇಕು. ಇವೆಲ್ಲ ಈಗ ಸಂವಿಧಾನದ ಮಾತು. ಕರ್ನಾಟಕ ಅದೇ ವರ್ಷ ತನ್ನ ಹೊಸ ಕಾಯಿದೆಯನ್ನು ಮಾಡಿತು. ೨೦೧೦ರಲ್ಲಿ ಹೆಂಗಸರ ಪಾಲನ್ನು ಅರ್ಧಕ್ಕೆ ಏರಿಸಿತು. ಊರಿಗೆ ಬಂದವಳು ನೀರಿಗೆ ಬಾರದಿರುವಳೆ ಎಂಬ ಗಾದೆಯುಂಟು. ನೀರಿಗೆ ಬಂದವಳು ಈಗ ಸಭೆಗೂ ಬಂದಳು, ಏಕೆಂದರೆ ಸಭೆಯ ಮಾತು ಹೆಚ್ಚಾಗಿ ನೀರಿನ ಮಾತೇ.

ಈ ಪಂಚಾಯಿತಿಗಳಲ್ಲಿ ಎರಡು ಏರ್ಪಾಡುಗಳುಂಟು. ಮಕ್ಕಳು ಇವನ್ನು ತಿಳಿದಿರಬೇಕು. ಒಂದು ಗ್ರಾಮಸಭೆ. ಅಲ್ಲಿ ಪ್ರತಿನಿಧಿಯಲ್ಲ, ಮತದಾರನೇ ಸದಸ್ಯ. ಮಕ್ಕಳಿಗಾಗಿಯೇ ಮಕ್ಕಳ ಗ್ರಾಮಸಭೆಯೂ ಉಂಟು. ಶಾಲೆಯ ಶೌಚಾಲಯಕ್ಕೆ ನೀರಿಲ್ಲ, ದಾರಿಯಲ್ಲಿ ದೀಪವಿಲ್ಲ ಎಂದು ಹುಡುಗ ಹುಡುಗಿಯರು ಅಧ್ಯಕ್ಷರ ಎದುರಿಗೇ ಎದ್ದು ಹೇಳುತ್ತಾರೆ. ಇನ್ನೊಂದು ಜಮಾಬಂದಿ. ಈ ಪದದ ಚರಿತ್ರೆ ಸ್ವಾರಸ್ಯವಾದುದು. ಹಿಂದೆ ಜಮಾಬಂದಿ ಎಂದರೆ ರೈತ ಎಷ್ಟು ಕೊಡಬೇಕು, ಎಷ್ಟು ಕೊಟ್ಟ, ಎಷ್ಟು ಬಾಕಿ ಎಂಬುದನ್ನು ಸರ್ಕಾರದ ಅಧಿಕಾರಿ ಹಳ್ಳಿಗೆ ಬಂದು ತಪಾಸಣೆ ಮಾಡುವುದು. ಅಂದು ಊರಿಗೆ ಊರೇ ನಡುಗುತ್ತಿತ್ತು. ಇಂದು ಗ್ರಾಮಪಂಚಾಯಿತಿಯ ಜಮಾಬಂದಿ ಎಂದರೆ ಪಂಚಾಯಿತಿಗೆ ಬಂದ ಹಣವೆಷ್ಟು, ಖರ್ಚಾದುದೆಷ್ಟು, ಆದ ಕೆಲಸವೆಲ್ಲಿ ಎಂಬುದನ್ನು ವರ್ಷಕ್ಕೊಮ್ಮೆ ಊರಿನವರ ಮುಂದೆ ತೆರೆದಿಡುವುದು. ಪದ ಅದೇ, ದಿಕ್ಕು ತಿರುಗಿದೆ. ನಗರದ ಕೂಟದ ರೈತರು ಕೇಳಿದ ಪ್ರಶ್ನೆಗೆ ಕಾನೂನಿನ ಪುಸ್ತಕದಲ್ಲಾದರೂ ಉತ್ತರ ದೊರಕಿದೆ.

ಪುಸ್ತಕದಲ್ಲಾದರೂ ಎಂದೆ. ಏಕೆಂದರೆ ಪುಸ್ತಕಕ್ಕೂ ಊರಿಗೂ ನಡುವೆ ಇನ್ನೂ ದೂರವಿದೆ. ಗ್ರಾಮಸಭೆಯ ಖಾಲಿ ಕುರ್ಚಿಗಳನ್ನು ನಾನು ನೋಡಿದ್ದೇನೆ. ಗೆದ್ದ ಹೆಂಗಸಿನ ಕುರ್ಚಿಯಲ್ಲಿ ಆಕೆಯ ಗಂಡ ಕೂತಿರುವುದನ್ನೂ ನೋಡಿದ್ದೇನೆ.

ಅದಕ್ಕಿಂತ ದೊಡ್ಡ ಚಿಂತೆ ಮತ್ತೊಂದು. ಕರ್ನಾಟಕದ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ ೨೦೨೧ರಲ್ಲಿ ಮುಗಿಯಿತು. ಅನಂತರ ಕ್ಷೇತ್ರಗಳ ವಿಂಗಡಣೆ, ಮೀಸಲಾತಿಯ ಪಟ್ಟಿ, ನ್ಯಾಯಾಲಯದ ವ್ಯಾಜ್ಯ ಎಂದು ವರ್ಷಗಳೇ ಉರುಳಿದವು, ಚುನಾವಣೆ ನಡೆಯಲಿಲ್ಲ. ರಾಜಧಾನಿಯಲ್ಲಿಯೂ ಹೀಗೆಯೇ. ಬೃಹತ್ ಬೆಂಗಳೂರು ಮಹಾನಗರಪಾಲಿಕೆಯ ಚುನಾಯಿತ ಸದಸ್ಯರ ಅವಧಿ ೨೦೨೦ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದೇ ಆಳ್ವಿಕೆ. ಯಾವ ಪಕ್ಷದ ಸರ್ಕಾರವಿದ್ದಾಗಲೂ ಇದು ಹೀಗೆಯೇ ಸಾಗಿತೆಂಬುದನ್ನು ಗಮನಿಸಬೇಕು. ವಿಧಾನಸಭೆಯ ಅವಧಿ ಮುಗಿದು ಒಂದು ತಿಂಗಳು ಚುನಾವಣೆ ನಡೆಯದಿದ್ದರೆ ದೇಶವೇ ಅಲ್ಲೋಲಕಲ್ಲೋಲವಾದೀತು. ಪಂಚಾಯಿತಿ, ಪಾಲಿಕೆಗಳಿಗೆ ವರ್ಷಗಟ್ಟಲೆ ಚುನಾವಣೆಯಿಲ್ಲದಿದ್ದಾಗ ನನ್ನಂಥ ಓದುಬಲ್ಲವರು ಪತ್ರಿಕೆಯ ಪುಟವನ್ನು ಮಗುಚಿದೆವು. ಆಡಳಿತಾಧಿಕಾರಿ ಒಳ್ಳೆಯವನೇ ಇರಬಹುದು, ದಕ್ಷನೂ ಇರಬಹುದು. ಆದರೆ ಅವನ ಲೆಕ್ಕ ಮೇಲಿನವರಿಗೆ. ಹೂವು ಮಾರುವ ಹೆಂಗಸು ಚೀಟಿಗಳ ಚೀಲವನ್ನು ಹಿಡಿದುಕೊಂಡು ಯಾರ ಮನೆಯ ಬಾಗಿಲಿಗೆ ಹೋಗಬೇಕು? ಆಕೆಯ ಮತವನ್ನು ನಾಳೆ ಮತ್ತೆ ಬೇಡಬೇಕಾದವನು ಮಾತ್ರ ನಾಲ್ಕನೆಯ ಸಲಕ್ಕಾದರೂ ದೀಪ ಹಾಕಿಸುತ್ತಾನೆ. ಮತದ ಬಲವೆಲ್ಲ ಈ ‘ನಾಳೆ ಮತ್ತೆ’ ಎಂಬುದರಲ್ಲಿದೆ.

ಇನ್ನು ನನ್ನ ಮೊಮ್ಮಗಳಿಗೆ ಕೊಡಬೇಕಾದ ಉತ್ತರ. ಸದಸ್ಯರ ಹೆಸರನ್ನು ಹೇಳಿದೆ. ಅಷ್ಟಕ್ಕೇ ಬಿಡಲು ಮನಸ್ಸು ಬರಲಿಲ್ಲ. ಹಳೆಯ ಪೆಟ್ಟಿಗೆಯಿಂದ ಮನೆಕಂದಾಯದ ರಸೀತಿಗಳ ಕಟ್ಟನ್ನು ತೆಗೆದು ಅವಳ ಮುಂದೆ ಇಟ್ಟೆ. ಮೂವತ್ತು ವರ್ಷಗಳ ರಸೀತಿಗಳು, ಒಂದೂ ತಪ್ಪಿಲ್ಲ. ನಾನು ಒಳ್ಳೆಯ ಪೌರನೆಂಬುದಕ್ಕೆ ಇದೇ ಸಾಕ್ಷಿಯೆಂದು ಇಷ್ಟು ಕಾಲ ನಂಬಿದ್ದೆ. ಅವಳು ಒಂದೊಂದಾಗಿ ತಿರುವಿಹಾಕಿ, “ಇಷ್ಟು ದುಡ್ಡಿನಲ್ಲಿ ಅವರು ಏನೇನು ಮಾಡಿದರು ತಾತ?” ಎಂದು ಕೇಳಿದಳು. ಹೂವಾಡಗಿತ್ತಿ ಒಂದು ವರ್ಷದ ಚೀಟಿಗಳಿಗೆ ಕೇಳಿದ ಪ್ರಶ್ನೆಯನ್ನು ನಾನು ಮೂವತ್ತು ವರ್ಷಗಳಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಕೊಟ್ಟು ಸುಮ್ಮನಿದ್ದವನು ಪ್ರಜೆ, ಕೊಟ್ಟು ಕೇಳಿದವಳು ಪೌರಳು.

ನಮ್ಮ ಪುರಸಭೆಯವರು ವರ್ಷಕ್ಕೊಮ್ಮೆ ಆಯವ್ಯಯದ ಬಗ್ಗೆ ಊರಿನವರ ಸಲಹೆ ಕೇಳುವ ಸಭೆಯನ್ನು ಕರೆಯುತ್ತಾರೆ. ಅದರ ಪ್ರಕಟಣೆ ಪತ್ರಿಕೆಯ ಮೂಲೆಯಲ್ಲಿ ಬರುವುದನ್ನು ನಾನು ಎಷ್ಟೋ ವರ್ಷ ನೋಡಿ, ಪಕ್ಕದ ಪುಸ್ತಕವಿಮರ್ಶೆಯ ಕಡೆಗೆ ಕಣ್ಣು ಹೊರಳಿಸಿದ್ದೇನೆ. ಈ ಸಲ ಪ್ರಕಟಣೆಯನ್ನು ಕತ್ತರಿಸಿ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ನಾವಿಬ್ಬರೂ ಹೋಗುವುದೆಂದು ತೀರ್ಮಾನವಾಗಿದೆ. ಏನು ಕೇಳಬೇಕೆಂಬ ಪಟ್ಟಿಯನ್ನು ಅವಳೇ ಬರೆಯುತ್ತಿದ್ದಾಳೆ. ಮೊದಲನೆಯದು ಅವಳ ಶಾಲೆಯ ದಾರಿಯಲ್ಲಿರುವ ಮುಚ್ಚಳವಿಲ್ಲದ ಚರಂಡಿ. ನನ್ನ ಕೆಲಸ ಕಾಗುಣಿತವನ್ನು ತಿದ್ದಿಕೊಡುವುದು, ಹಾಗೂ ರಸೀತಿಗಳ ಕಟ್ಟನ್ನು ಹೊತ್ತುಕೊಂಡು ಅವಳ ಜೊತೆಯಲ್ಲಿ ನಡೆಯುವುದು.